ಬ್ಲೋ-ಆಫ್ ವಾಲ್ವ್‌ಗೆ ಯಾವ ಸ್ಪ್ರಿಂಗ್? ಮಡಿಕೇರಿ–ಮಂಗಳೂರು ಓಡಾಟ

ಪ್ರಶ್ನೆ: ಪೆಟ್ರೋಲ್ ಟರ್ಬೊ ಕಾರು, ಮಾಸ್ ಏರ್‌ಫ್ಲೋ ಸೆನ್ಸರ್ (ಒಳಗೆ ಬರುವ ಗಾಳಿ ಅಳೆಯೋದು) ಇದೆ, ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) 1 ಬಾರ್. ಆಕ್ಸಿಲರೇಟರ್ ಬಿಟ್ಟಾಗ ಟರ್ಬೊ ಒತ್ತಿದ ಗಾಳಿಯನ್ನ ಬಿಡುವ ಬ್ಲೋ-ಆಫ್ ವಾಲ್ವ್‌ಗೆ ಸ್ಪ್ರಿಂಗ್ ಬೇಕು. ಐಡಲ್ ವ್ಯಾಕ್ಯೂಮ್ (ನಿಂತಲ್ಲೇ ಇಂಜಿನ್ ಓಡುವಾಗ ಅದರ ಗಾಳಿ ಕೊಳವೆಯಲ್ಲಿನ ಎಳೆತ) ಮಡಿಕೇರಿಯಲ್ಲಿ 15 ಇಂಚು (ಪಾದರಸದ ಲೆಕ್ಕ), ಮಂಗಳೂರಲ್ಲಿ 19. ಸಂಪಾಜೆ ಘಾಟಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪಟಪಟ ಸದ್ದು. ಬೂಸ್ಟ್ ನೋಡಿ ಗಟ್ಟಿ ಸ್ಪ್ರಿಂಗ್ ಹಾಕಲಾ?

ಉತ್ತರ 1: ಬೇಡ ಅಣ್ಣ. ಸ್ಪ್ರಿಂಗ್ ಆರಿಸೋದು ಐಡಲ್ ವ್ಯಾಕ್ಯೂಮ್ ನೋಡಿ, ಬೂಸ್ಟ್ ನೋಡಿ ಅಲ್ಲ. ಬೂಸ್ಟ್‌ನಲ್ಲಿ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹಂಚುವ ಕೊಳವೆ) ಒತ್ತಡವೇ ವಾಲ್ವ್‌ನ ಡಯಾಫ್ರಾಮ್ (ಪೊರೆ) ಮೇಲೆ ಕೂತು ವಾಲ್ವ್ ಮುಚ್ಚಿಡುತ್ತೆ. ಮಡಿಕೇರಿ ಎತ್ತರ ಸುಮಾರು 1,150 ಮೀಟರ್, ಗಾಳಿಯ ಒತ್ತಡವೇ ಕಡಿಮೆ. ಸಾವಿರ ಅಡಿಗೆ ಹೆಚ್ಚುಕಡಿಮೆ 1 ಇಂಚು ವ್ಯಾಕ್ಯೂಮ್ ಹೋಗುತ್ತೆ. 19ಕ್ಕೆ ಹೊಂದುವ ಸ್ಪ್ರಿಂಗ್ ಘಟ್ಟದ ಮೇಲೆ ತಡವಾಗಿ ತೆರೆಯುತ್ತೆ, ಗಾಳಿ ಟರ್ಬೊದ ಕಂಪ್ರೆಸರ್‌ಗೆ (ಗಾಳಿ ಒತ್ತುವ ಚಕ್ರ) ವಾಪಸ್ ಹೊಡೆಯುತ್ತೆ. ಆ ಪಟಪಟ ಅದೇ. 15 ಇಂಚಿಗೆ ಹೊಂದುವ ಮೆತ್ತನೆ ಸ್ಪ್ರಿಂಗ್ ಹಾಕಿ.

ಉತ್ತರ 2: ಸರಿ, ಆದರೆ ಆ ಮೆತ್ತನೆ ಸ್ಪ್ರಿಂಗ್ ಮಂಗಳೂರಲ್ಲಿ ಐಡಲ್‌ನಲ್ಲೇ ಸ್ವಲ್ಪ ತೆರೆದಿರುತ್ತೆ. ಹೊರಗೆ ಬಿಡುವ ವಾಲ್ವ್ ಆದ್ರೆ ಸೆನ್ಸರ್ ಅಳೆಯದ, ಫಿಲ್ಟರ್ ಆಗದ ಗಾಳಿ ಒಳಗೆ ಬಂದು ಐಡಲ್ ಏರಿಳಿಯುತ್ತೆ. ಹಾಗಾಗಿ ರೀಸರ್ಕ್ಯುಲೇಟ್ ಮಾಡಿ, ಅಂದ್ರೆ ವಾಲ್ವ್ ಬಿಡುವ ಗಾಳಿಯನ್ನ ಸೆನ್ಸರ್‌ಗೂ ಟರ್ಬೊಗೂ ನಡುವಿನ ಪೈಪ್‌ಗೆ ವಾಪಸ್ ಸೇರಿಸಿ. ಇದರಲ್ಲಿ ರಾಜಿ ಬೇಡ.

ಉತ್ತರ 1: ಒಪ್ಪಿದೆ. ವ್ಯಾಕ್ಯೂಮ್ ಅಳೆಯುವಾಗ ಇಂಜಿನ್ ಪೂರ್ತಿ ಬಿಸಿ, ಏಸಿ ಆಫ್. ಸಿಗ್ನಲ್ ಹೋಸ್ (ಮ್ಯಾನಿಫೋಲ್ಡ್ ಒತ್ತಡವನ್ನ ವಾಲ್ವ್‌ಗೆ ತಲುಪಿಸೋದು) ಥ್ರಾಟಲ್ (ಆಕ್ಸಿಲರೇಟರ್ ತೆರೆಯುವ ಗಾಳಿ ಬಾಗಿಲು) ದಾಟಿದ ಮೇಲೆ ಜೋಡಿಸಿ, ಬೇರೆ ಯಾವುದಕ್ಕೂ T-ಆಕಾರದ ಕವಲು ಹಾಕದೆ. ಉದ್ದ ಹೋಸ್ ಇದ್ದರೂ ವಾಲ್ವ್ ತಡವಾಗುತ್ತೆ, ಸ್ಪ್ರಿಂಗ್ ಕೊಳ್ಳೋ ಮುಂಚೆ ಅದನ್ನ ನೋಡಿ.