‘ಬಿಡುಗಡೆ ಪತ್ರ’ದಲ್ಲಿ ಬಿಡುವವರು ಯಾರು?

ಕಾರವಾರದಿಂದ:
ಬೈತಖೋಲ ಬಂದರಿನ ಸಮೀಪದ ಮಂಜುಗಡ್ಡೆ ಕಾರ್ಖಾನೆಯೊಂದರ ಕಚೇರಿಯಲ್ಲಿದ್ದೇನೆ. ಒಂದು ಪಾಳಿ ನಿಲ್ಲುತ್ತಿದೆ. ಕೆಲಸ ಬಿಡಬೇಕಾದವರಿಗೆ ಇಷ್ಟು ಹಣ, ಅದಕ್ಕೆ ಬದಲಾಗಿ ಕಂಪನಿಯ ಮೇಲೆ ಯಾವ ತಕರಾರೂ ಇಲ್ಲವೆಂಬ ಬರಹ. ಇದರ ಇಂಗ್ಲಿಷ್ ಕರಡು ಮುಂಬಯಿಯಿಂದ ಬಂದಿದೆ. ಕನ್ನಡ ಪ್ರತಿ ನಾಳೆ ಬೆಳಿಗ್ಗೆ ಬೇಕು. ‘ರಿಲೀಸ್’ಗೆ ‘ಬಿಡುಗಡೆ ಪತ್ರ’ ಎಂದು ಹಾಕಿದ್ದೇನೆ, ಸರಿಯೇ? ಕೆಲಸದಿಂದ ತೆಗೆಯುವಾಗ ಕೊಡುವ ಹಣಕ್ಕೆ, ಅಂದರೆ ‘ಸೆವೆರೆನ್ಸ್’ಗೆ, ಏನೆನ್ನಲಿ? ಯೋಚಿಸಲು 21 ದಿನ, ಸಹಿ ಹಿಂಪಡೆಯಲು 7 ದಿನ ಎಂದೂ ಇದೆ.

ಶಿರಸಿಯಿಂದ:
‘ಬಿಡುಗಡೆ’ ಅಚ್ಚಗನ್ನಡ, ‘ಬಿಡು’ ಧಾತುವಿನದು. ಬದಲಿಸಬೇಡಿ. ಬೇಕಿದ್ದರೆ ‘ಹಕ್ಕು ಬಿಡುಗಡೆ’ ಎನ್ನಿ. ‘ಖುಲಾಸೆ’, ‘ಫಾರಕತ್ತು’ ಎನ್ನುವವರಿಗೆ ಕಿವಿಗೊಡಬೇಡಿ. 1862ರಿಂದ 1956ರ ತನಕ ಜಿಲ್ಲೆ ಮುಂಬಯಿಯ ಅಧೀನದಲ್ಲಿದ್ದಾಗ ಕಚೇರಿಗಳಲ್ಲಿ ಬಿದ್ದ ಕಸ ಅದು. ಇನ್ನೂ ಗುಡಿಸಿ ಮುಗಿದಿಲ್ಲ.

ಕಾರವಾರದ ವಕೀಲರಿಂದ:
ಶಿರಸಿಯ ಮಾಸ್ತರರೇ, ‘ಹಕ್ಕು’ ಅರಬ್ಬಿಯದು. ಅದನ್ನು ಮೊದಲು ಗುಡಿಸಿ.

ಕಚೇರಿಯವರೇ, ಕಾರ್ಖಾನೆಯಲ್ಲಿ ‘ಬಿಡುಗಡೆ ಪತ್ರ’ ಎಂದರೆ ಕೆಲಸ ಬಿಟ್ಟವನಿಗೆ ಮಾಲೀಕ ಕೊಡುವ ಕಾಗದ, ಮುಂದಿನ ಕೆಲಸಕ್ಕೆ ಸೇರುವಾಗ ತೋರಿಸುವಂಥದ್ದು. ನಿಮ್ಮ ಪತ್ರದಲ್ಲಿ ಬಿಟ್ಟುಕೊಡುವವನು ಕಾರ್ಮಿಕ, ಪಾರಾಗುವವನು ಮಾಲೀಕ. ತನಗೇನೋ ಸಿಕ್ಕಿತೆಂದುಕೊಂಡು ಕಾರ್ಮಿಕ ಹೆಬ್ಬೆಟ್ಟು ಒತ್ತಿಬಿಡುತ್ತಾನೆ. ಉಪನೋಂದಣಿ ಕಚೇರಿಯಲ್ಲಿ ‘ಹಕ್ಕು ಬಿಡುಗಡೆ ಪತ್ರ’ ನಡೆಯುತ್ತದೆ, ನಿಜ. ತಂಗಿ ಅಣ್ಣನಿಗೆ ಜಮೀನಿನ ಪಾಲು ಬಿಡುತ್ತಿದ್ದಾಳೆಂದು ಅಲ್ಲಿ ಎಲ್ಲರಿಗೂ ಗೊತ್ತು. ‘ಫಾರಕತ್ತು’ ಋಣ ತೀರಿದ ಬರಹವೇ, ಅರ್ಥ ಕೂಡುತ್ತದೆ. ಆದರೆ ಮರಾಠಿ ಬಲ್ಲವರು ಗಂಡ ಹೆಂಡತಿ ಬೇರೆಯಾದರೆಂದು ತಿಳಿದಾರು.

ಒಂದೇ ಪದಕ್ಕೆ ಜೋತುಬೀಳದೆ ವಾಕ್ಯ ಬರೆಯಿರಿ: ‘ಈ ಮೊತ್ತ ಕೈಸೇರಿದ ಮೇಲೆ, ಕೆಳಗೆ ಕಾಣಿಸಿದ ಬಾಬತ್ತುಗಳಲ್ಲಿ ಕಂಪನಿಯಿಂದ ನನಗೆ ಬರಬೇಕಾದದ್ದು ಏನೂ ಉಳಿದಿಲ್ಲ, ಅವುಗಳ ಮೇಲಿನ ನನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ.’ ‘ಎಂದೂ ಕೋರ್ಟಿಗೆ ಹೋಗುವುದಿಲ್ಲ’ ಎಂದು ಸೇರಿಸಲೇಬೇಡಿ. ಬರಬೇಕಾದ ಬಾಕಿಯನ್ನು ಬಿಡಲು 1872ರ ಕರಾರು ಕಾಯ್ದೆಯ 63ನೇ ಕಲಂ ಅವಕಾಶ ಕೊಡುತ್ತದೆ. ಕೋರ್ಟಿನ ಬಾಗಿಲನ್ನೇ ಮುಚ್ಚುವ ಕರಾರು 28ನೇ ಕಲಮಿನಂತೆ ಅನೂರ್ಜಿತ. ಗ್ರಾಚ್ಯುಟಿಯನ್ನು ಆ ಬಾಬತ್ತುಗಳಲ್ಲಿ ತುರುಕಬೇಡಿ. ಅದು ಕಾನೂನು ಕೊಟ್ಟದ್ದು.

21 ಮತ್ತು 7 ದಿನ ಅಮೆರಿಕದ 1990ರ ಕಾಯ್ದೆಯವು, 40 ವರ್ಷ ತುಂಬಿದ ನೌಕರರಿಗೆ. ಹಲವರನ್ನು ಒಟ್ಟಿಗೆ ತೆಗೆದರೆ ಅಲ್ಲಿಯೂ 21 ಅಲ್ಲ, 45. ನಕಲು ಮಾಡಿದವರು ಅದನ್ನೂ ನೋಡಿಲ್ಲ. ಇರಲಿ, ದಿನಗಳನ್ನು ತೆಗೆಯಬೇಡಿ, ಓದಿಸಿಕೊಳ್ಳಲು ಕಾರ್ಮಿಕನಿಗೆ ಸಮಯ ಸಿಗುತ್ತದೆ.

‘ಸೆವೆರೆನ್ಸ್’ಗೆ ಬರಿದೇ ‘ಪರಿಹಾರ’ ಎನ್ನಬೇಡಿ. ವರ್ಷಕ್ಕೆ 15 ದಿನದ ಸರಾಸರಿ ಸಂಬಳದ ಲೆಕ್ಕದಲ್ಲಿ ಕಾನೂನಿನಂತೆ ಬರುವ ಪರಿಹಾರ ಬೇರೆ, ಕಂಪನಿ ಮೇಲೆ ಸೇರಿಸುವ ಹಣ ಬೇರೆ. ಎರಡು ಸಾಲು ಮಾಡಿ.

ಶಿರಸಿಯಿಂದ:
‘ಬಾಬತ್ತು’! ಇದಕ್ಕಿಂತ ಪತ್ರವನ್ನು ಪಾರ್ಸಿಯಲ್ಲೇ ಬರೆಯಬಹುದಿತ್ತು. ಎರವಲು ಪದ ಬಂದರೆ ಬಾಡಿಗೆದಾರನಂತೆ ಇರಬೇಕು. ಇಲ್ಲಿ ಮನೆಯನ್ನೇ ಬರೆಸಿಕೊಂಡಿದೆ.

ಕುಮಟಾದಿಂದ:
ಬಾಡಿಗೆದಾರರ ಮಾತು ಬಂದಿತಲ್ಲ, ಒಂದು ಸೇರಿಸುತ್ತೇನೆ. ‘ರಾಜೀನಾಮೆ’ ಮೂಲದಲ್ಲಿ ಒಪ್ಪಿಗೆಯ ಪತ್ರ. ಮುಂಬಯಿ ಕಾಲದ ಕಂದಾಯ ವ್ಯವಹಾರದಲ್ಲಿ ಜಮೀನು ಬಿಡುವವನು ಕೊಡುತ್ತಿದ್ದದ್ದು ರಾಜೀನಾಮೆ, ಹಿಡಿಯುವವನದು ಕಬುಲಾಯತು. ಹಕ್ಕು ಬಿಡುವುದಕ್ಕೆ ಈ ಜಿಲ್ಲೆಯಲ್ಲಿ ಪದವಿತ್ತು; ನೌಕರಿ ಬಿಡುವವರು ಎತ್ತಿಕೊಂಡು ಹೋದರು.

ವಕೀಲರಿಂದ:
ದಯವಿಟ್ಟು ಅದನ್ನು ಹಾಕಬೇಡಿ. ತಾನಾಗಿಯೇ ಕೆಲಸ ಬಿಟ್ಟನೆಂದು ಕಂಪನಿ ವಾದಿಸುತ್ತದೆ; ಕಾರ್ಮಿಕನ ಪರಿಹಾರವೇ ಹೋಗುತ್ತದೆ.

ಕಾರವಾರದ ಕಚೇರಿಯಿಂದ:
‘ಲೆಕ್ಕ ಚುಕ್ತಾ ಮತ್ತು ಹಕ್ಕು ಬಿಟ್ಟುಕೊಟ್ಟ ಪತ್ರ’ ಎಂದು ತಲೆಬರಹ ಹಾಕಿದ್ದೇನೆ. ವಾಕ್ಯ ವಕೀಲರದ್ದೇ. ‘ಬಾಬತ್ತು’ ತೆಗೆದು ‘ಬಾಕಿ’ ಎಂದೆ. ಮಾಸ್ತರರೇ, ಅದೂ ಅರಬ್ಬಿಯೇ ಇರಬೇಕು, ಈ ರಾತ್ರಿ ಹೇಳಬೇಡಿ.