ಅಪ್‌ಡೇಟ್: ಮೆಣಸಿನಕಾಯಿ ಕಣದ ಬೇಲಿ, ಡೆರಿವೇಟಿವ್ ಸೊನ್ನೆ ಅಂದರೆ ಏನು?

ಕೇಳಿದ್ದು ಇಷ್ಟು: ಬ್ಯಾಡಗಿ ಹತ್ತಿರ ಮೆಣಸಿನಕಾಯಿ ಒಣಗಿಸುವ ಕಣ, ಒಂದು ಕಡೆ ಗೋದಾಮಿನ ಗೋಡೆ, ಉಳಿದ ಮೂರು ಕಡೆಗೆ 120 ಮೀಟರ್ ತಂತಿಬಲೆ; ಅತಿ ಹೆಚ್ಚು ಜಾಗ ಸಿಗಲು ಅಗಲ ಎಷ್ಟಿರಬೇಕು, ಅಲ್ಲಿ ಡೆರಿವೇಟಿವ್ ಸೊನ್ನೆ ಅಂದರೆ ಏನು? ಅಗಲ (ಗೋಡೆಯಿಂದ ಹೊರಡುವ ಬದಿ) ಎಕ್ಸ್ ಆದರೆ ಉದ್ದ 120 − 2ಎಕ್ಸ್, ಜಾಗ ಎಕ್ಸ್ × (120 − 2ಎಕ್ಸ್). ಅದರ ಡೆರಿವೇಟಿವ್, ಅಂದರೆ ಅಗಲ ಹೆಚ್ಚಿದಂತೆ ಜಾಗ ಬದಲಾಗುವ ದರ, 120 − 4ಎಕ್ಸ್. ಅದು ಸೊನ್ನೆಯಾಗುವುದು ಅಗಲ 30, ಉದ್ದ 60 ಇದ್ದಾಗ. ಆಗ ಜಾಗ 1800 ಚದರ ಮೀಟರ್, ಅದೇ ಗರಿಷ್ಠ.

ಆ ಸೊನ್ನೆಯ ಅರ್ಥ ಈಗ ಸ್ಪಷ್ಟ: 30ರ ಆಸುಪಾಸು ಅಗಲ ಸ್ವಲ್ಪ ಹೆಚ್ಚುಕಡಿಮೆಯಾದರೂ ಜಾಗ ಹೆಚ್ಚೇನೂ ಕಡಿಮೆಯಾಗದು. 29 ಇಟ್ಟರೂ 31 ಇಟ್ಟರೂ 1798. ಕಂಬದ ಕುಣಿಗೆ ಬಂಡೆ ಅಡ್ಡ ಬಂದರೆ ಒಂದು ಮೀಟರ್ ಸರಿಸಿ ಹುಗಿಯಿರಿ. 20ಕ್ಕೆ ಇಳಿಸಿದರೆ ಮಾತ್ರ 200 ಚದರ ಮೀಟರ್ ಹೋಯಿತು.

ಎಡವುವುದು ಗೋಡೆಯ ಅಳತೆಯಲ್ಲಿ. ಗೋಡೆ 50 ಮೀಟರ್ ಅಷ್ಟೇ ಇದ್ದರೆ ಅಗಲ 35, ಜಾಗ 1750, ಅದೇ ಗರಿಷ್ಠ. ಅಲ್ಲಿ ಡೆರಿವೇಟಿವ್ −20: ಅಗಲ ಇನ್ನೂ ಹೆಚ್ಚಿಸಿದರೆ ಮೀಟರಿಗೆ ಸುಮಾರು 20 ಚದರ ಮೀಟರ್ ನಷ್ಟ, ತಗ್ಗಿಸಿದರೆ ಉದ್ದ 50 ದಾಟುತ್ತದೆ, ಗೋಡೆ ಸಾಲದು.