ಅಕ್ಕ, ಕೇಳುವುದನ್ನೂ ಕಲಿಸಬೇಕು

ಅಕ್ಕ, ನಿನ್ನ ಮೆಸೇಜ್ ಮಧ್ಯಾಹ್ನವೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೆ ಈಗ ಕೂತು ಉದ್ದಕ್ಕೆ ಹೇಳುತ್ತಿದ್ದೇನೆ. ಪುಟ್ಟಿಯ ಏಳನೇ ಕ್ಲಾಸಿನಲ್ಲಿ ಮುಂದಿನ ವಾರ ಪೂರ್ತಿ ಮಕ್ಕಳು ತಮ್ಮ ಕಲಿಕೆ ಬಗ್ಗೆ, ತಮಗೆ ಬೇಕಾದದ್ದರ ಬಗ್ಗೆ ತಾವೇ ಮಾತಾಡುತ್ತಾರೆ, ಶುಕ್ರವಾರ ಪೋಷಕರ ಸಭೆಯನ್ನೂ ಅವರೇ ನಡೆಸುತ್ತಾರೆ ಅಂತ ಬರೆದಿದ್ದೀಯ. ಪಾಠ ಹಾಳಾಗುತ್ತದೆ ಅಂತ ನಿನ್ನ ಚಿಂತೆ. ಎದುರುತ್ತರ ಕೊಡೋದು ಕಲಿಯುತ್ತಾರೆ ಅಂತ ಭಾವನ ಚಿಂತೆ. ನಮ್ಮ ಶಾಲೆಯಲ್ಲಿ ಕಳೆದ ತಿಂಗಳು ಇಂಥದೇ ಒಂದು ವಾರ ನಡೆಯಿತು. ಗಣಿತದ ಟೀಚರ್ ಆಗಿ ನಾನೂ ಅದರೊಳಗಿದ್ದೆ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಪಾಠದ ಮಾತು. ಸೋಮವಾರ ನಾವು ಮಕ್ಕಳಿಂದ ಭಾಷಣ ಮಾಡಿಸಲಿಲ್ಲ. ಪುಸ್ತಕ ಮುಚ್ಚಿಸಿ, ಖಾಲಿ ಹಾಳೆ ಕೊಟ್ಟು, ಹಿಂದಿನ ವಾರ ಕಲಿತದ್ದರಲ್ಲಿ ನೆನಪಿರುವುದನ್ನೆಲ್ಲ ಬರೆಯಲು ಹೇಳಿದೆವು. ಮಾರ್ಕ್ಸ್ ಇಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಜೊತೆ ಇಂಥದ್ದನ್ನು ಮಾಡಿ ನೋಡಿದ್ದರು. ಓದಿದ್ದನ್ನೇ ಮತ್ತೆ ಮತ್ತೆ ಓದಿದವರು 5 ನಿಮಿಷದ ನಂತರ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದರೆ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರೇ ಮುಂದೆ. ನನಗೆ ಇದರಲ್ಲಿ ಇನ್ನೊಂದು ಲಾಭ ಕಂಡಿತು. ಹಾಳೆಯಲ್ಲಿ ಖಾಲಿ ಉಳಿದ ಜಾಗ ನೋಡಿದಾಗಲೇ ಮಗುವಿಗೆ ತನಗೆ ಏನು ಬರುವುದಿಲ್ಲ ಅಂತ ತಿಳಿಯುವುದು. ಅದು ತಿಳಿಯದೆ ಸಹಾಯ ಕೇಳುವುದಾದರೂ ಹೇಗೆ?

ನನ್ನ ಕ್ಲಾಸಿನ ಒಬ್ಬ ಹುಡುಗಿ ಯಾವಾಗಲೂ ‘ಅರ್ಥ ಆಗಲಿಲ್ಲ ಮಿಸ್’ ಅಂತ ಮಾತ್ರ ಹೇಳುತ್ತಿದ್ದಳು. ನಾನು ಮೊದಲಿನಿಂದ ಹೇಳಿಕೊಡುತ್ತಿದ್ದೆ, ಅವಳು ಸುಮ್ನೆ ತಲೆಯಾಡಿಸುತ್ತಿದ್ದಳು. ಮಂಗಳವಾರ ಬಂದು, ‘ಭಿನ್ನರಾಶಿ ಭಾಗಿಸುವಾಗ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸುತ್ತೇನೆ, ಉತ್ತರ ಬರುತ್ತದೆ. ಆದರೆ ಭಾಗಿಸಿದ ಮೇಲೆ ಸಂಖ್ಯೆ ದೊಡ್ಡದಾಗುವುದು ಯಾಕೆ?’ ಅಂದಳು. ಎಂಥ ಪ್ರಶ್ನೆ ನೋಡು! ಒಂದು ಉದ್ದನೆ ಕಾಗದದ ಪಟ್ಟಿಯನ್ನು 8 ಸಮ ಭಾಗವಾಗಿ ಮಡಿಸಿದೆವು. ಅದರ ಮುಕ್ಕಾಲಿನಲ್ಲಿ ಇಂಥ ತುಂಡು ಎಷ್ಟಿವೆ ಎಣಿಸು ಅಂದೆ. 6 ಅಂದಳು. ಸ್ವಲ್ಪ ಹೊತ್ತು ಪಟ್ಟಿಯನ್ನೇ ನೋಡಿದಳು. ಆಮೇಲೆ, ಮುಕ್ಕಾಲನ್ನು ಎಂಟನೇ ಒಂದರಿಂದ ಭಾಗಿಸಿದರೆ 6 ಬರುವುದು ಇದಕ್ಕೇ ಅಂತ ಅವಳೇ ಹೇಳಿದಳು. ಇದು ಪಾಠವೇ ಅಲ್ವಾ ಅಕ್ಕ?

ಇನ್ನೊಬ್ಬ ಹುಡುಗ ಬಾಯಿ ಬಿಡಲಿಲ್ಲ, ಚೀಟಿ ಬರೆದು ಮೇಜಿನ ಮೇಲಿಟ್ಟು ಹೋದ. ‘ನನಗೆ ಎಡಗಿವಿ ಸರಿಯಾಗಿ ಕೇಳುವುದಿಲ್ಲ. ಈಗ ಕೂತಿರುವ ಕಡೆ ಬಲಗಿವಿ ಗೋಡೆ ಕಡೆಗಿದೆ. ಜಾಗ ಬದಲಿಸುತ್ತೀರಾ?’ ಅವನಿಗೆ ಪಾಠದ ಮೇಲೆ ಗಮನ ಇಲ್ಲ ಅಂತ ತಿಂಗಳುಗಟ್ಟಲೆ ಅಂದುಕೊಂಡಿದ್ದೆ ನಾನು. ಅವತ್ತು ರಾತ್ರಿ ತುಂಬಾ ಸಂಕಟ ಆಯಿತು. ಮಾರನೇ ದಿನವೇ ಜಾಗ ಬದಲಿಸಿದೆ, ಅವನ ಅಮ್ಮನ ಹತ್ತಿರವೂ ಮಾತಾಡಿದೆ. ನಮ್ಮ ಪುಟ್ಟಿಯೂ ಮಾತು ಕಡಿಮೆಯ ಮಗು. ಅವರ ಶಾಲೆಯಲ್ಲಿ ಬರೆದು ಕೊಡಲು ದಾರಿ ಇದೆಯಾ ಅಂತ ಒಮ್ಮೆ ವಿಚಾರಿಸು. ಇಲ್ಲದಿದ್ದರೆ ಮಾಡಿ ಅಂತ ಕೇಳು.

ಈಗ ಭಾವನ ಮಾತಿಗೆ ಬರುತ್ತೇನೆ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಗು ತನಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳಬಹುದು, ಅದಕ್ಕೆ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕ ತೂಕ ಕೊಡಬೇಕು ಅನ್ನುತ್ತದೆ. ಮಗು ಹೇಳಿದ್ದೇ ನಡೆಯಬೇಕು ಅನ್ನುವುದಿಲ್ಲ. ನಮ್ಮಲ್ಲಿ ಎಂಟನೇ ಕ್ಲಾಸಿನವರು ಒಂದೇ ದಿನ ಮೂರು ಟೆಸ್ಟ್ ಬರುತ್ತಿದೆ ಅಂತ ಎರಡು ತಿಂಗಳ ಪಟ್ಟಿ ಮಾಡಿ ಹೆಡ್‌ಮಿಸ್ ಹತ್ತಿರ ಒಯ್ದರು. ದಿನಕ್ಕೆ ಒಂದೇ ಟೆಸ್ಟ್ ಇರಲಿ ಅನ್ನುವುದು ಅವರ ಮನವಿ. ಒಂದು ಆಗುವುದಿಲ್ಲ, ಎರಡಕ್ಕಿಂತ ಜಾಸ್ತಿ ಇಡುವುದಿಲ್ಲ ಅಂತ ಹೆಡ್‌ಮಿಸ್ ಹೇಳಿದರು. ಯಾಕೆ ಅಂತ ವೇಳಾಪಟ್ಟಿ ಬಿಡಿಸಿ ತೋರಿಸಿದರು. ಮಕ್ಕಳು ಒಪ್ಪಿಕೊಂಡು ಬಂದರು. ಭಾವನಿಗೆ ಹೇಳು, ನಾನು ಎದುರುತ್ತರ ಜಾಸ್ತಿ ಕಂಡಿರುವುದು ಕಾರಣ ಹೇಳದೆ ಬಾಯಿ ಮುಚ್ಚಿಸಿದ ಕಡೆಯೇ. ನಮ್ಮ ಮಾತಿನಲ್ಲಿ ‘ಕೇಳು’ ಅಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು. ಮಕ್ಕಳು ಮೊದಲನೆಯದನ್ನು ಮಾಡುವಾಗ ಎರಡನೆಯದು ನಮ್ಮ ಕೆಲಸ.

ಶುಕ್ರವಾರದ ಸಭೆಗೆ ನನ್ನದೊಂದು ಬೇಡಿಕೆ. ದಯವಿಟ್ಟು ಮಾರ್ಕ್ಸ್‌ನಿಂದ ಶುರು ಮಾಡಬೇಡಿ. ‘ಎಲ್ಲಿ ಕಷ್ಟ ಆಗುತ್ತಿದೆ, ನಮ್ಮಿಂದ ಏನು ಬೇಕು’ ಅಂತ ಕೇಳಿ, ಆಮೇಲೆ ಸುಮ್ಮನಿರಿ. ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ ಕ್ಲಾಸುಗಳಲ್ಲಿ ಅಳೆದು ನೋಡಿದಾಗ, ಪ್ರಶ್ನೆ ಹಾಕಿದ ಟೀಚರ್ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. 3 ಸೆಕೆಂಡು ಕಾದರೆ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತಿತ್ತು, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಿದ್ದರು. ಪುಟ್ಟಿ ತಡವರಿಸಿದರೆ ನೀನು ಪೂರ್ತಿ ಮಾಡಿ ಹೇಳಲು ಹೋಗಬೇಡ. ನಿನಗೆ ಅದು ಕಷ್ಟ ಅಂತ ಗೊತ್ತು. ಆದರೂ ತಡೆದುಕೋ.

ಸಭೆ ಮುಗಿದ ಮೇಲೆ ಫೋನ್ ಅವಳ ಕೈಗೇ ಕೊಡು. ಏನೇನು ಹೇಳಿದಳು ಅಂತ ಅವಳಿಂದಲೇ ಕೇಳುತ್ತೇನೆ.